ಊಟ ಬಿಡೋ ಹದಿಹರೆಯದ ಮಕ್ಕಳು: ಶಿಸ್ತು ಯಾವುದು, ಕಾಯಿಲೆ ಯಾವುದು, ಮನ್ಯಾಗ ಏನ್ ಮಾಡಬೇಕು

"ನಮ್ಮ ಹುಡುಗಿ ಭಾಳ ಶಿಸ್ತಿನಾಕಿ ರೀ, ಎಣ್ಣಿದ್ದು ಮುಟ್ಟಂಗಿಲ್ಲ, ಸಕ್ಕರಿ ಬಿಟ್ಟಾಳ, ಮುಂಜಾನೆ ಐದಕ್ಕ ಎದ್ದು ಓದಾಕ ಕುಂಡ್ರತಾಳ" ಅಂತ ಹೆಮ್ಮಿಲೆ ಹೇಳಿದ ಅಪ್ಪ-ಅವ್ವ, ನಾಕೈದು ತಿಂಗಳಾದ ಮ್ಯಾಲೆ ಅವರ ಬಂದು "ಒಂದ ರೊಟ್ಟಿ ತಿನ್ನವಾ ಅಂದ್ರ ಓಣಿ ತುಂಬ ಕೇಳುವಂಗ ಚೀರ್ತಾಳ್ರೀ, ಯಾರ ಮಾತೂ ಕೇಳವಲ್ಲಳು" ಅಂತಾರ. ಧಾರವಾಡದಾಗ ಪಿಯು ಹುಡುಗ-ಹುಡುಗ್ಯಾರ ಜೋಡಿ ಕೌನ್ಸೆಲಿಂಗ್ ಕೆಲಸ ಮಾಡ್ತೀನಿ, ಈ ಎರಡೂ ಮಾತು ಒಂದ ಮನಿಯಿಂದ ಬರೂದು ನನಗ ಹೊಸಾದಲ್ಲ. ಶಿಸ್ತು ಹೋಗಿ ಹಠ ಬಂತು ಅಂತ ಮನಿಯವ್ರು ತಿಳ್ಕೊಂಡಿರ್ತಾರ, ಖರೇ ಅಂದ್ರ ಅದ ಶಿಸ್ತು ಮಿತಿ ಮೀರಿ ಕಾಯಿಲೆ ಆಗಿರ್ತೈತಿ.

ಸೆಲ್ಫ್ ರೆಗ್ಯುಲೇಶನ್ ಅಂದ್ರ ತನ್ನನ್ನ ತಾನು ಹಿಡಿತದಾಗ ಇಟ್ಕೊಳ್ಳೂದು ಅಂತ ಎಲ್ಲಾರೂ ಅಂತಾರ, ಅದು ಅರ್ಧಾ ಮಾತು. ಎತ್ತಿನ ಹಗ್ಗ ಜಗ್ಗಿ ಹಿಡಿಯಾಕ ಅಷ್ಟ ಗೊತ್ತಿದ್ದಾಂವಗ ಗಾಡಿ ಹೊಡ್ಯಾಕ ಬರೂದಿಲ್ಲ, ಎಲ್ಲಿ ಸಡಿಲ ಬಿಡಬೇಕು ಅನ್ನೂದೂ ಗೊತ್ತಿರಬೇಕು. ಊಟದ ಕಾಯಿಲೆ ಇರೋ ಮಕ್ಕಳೊಳಗ ಕೆಲವರಿಗೆ ಸಡಿಲ ಬಿಡಾಕ ಬರೂದಿಲ್ಲ, ಕೆಲವರಿಗೆ ಹಿಡಿಯಾಕ ಬರೂದಿಲ್ಲ, ಇನ್ನ ಕೆಲವ್ರು ಮುಂಜಾನಿಂದ ಸಂಜಿತನಕ ಬಿಗಿ ಹಿಡದು ರಾತ್ರಿ ಪೂರ್ತಿ ಕೈ ಬಿಡ್ತಾರ. ನಿಮ್ಮ ಮಗು ಯಾವ ಥರದ್ದು ಅಂತ ತಿಳೀದ ಬುದ್ಧಿ ಹೇಳಾಕ ಹೋದ್ರ ಹೇಳಿದ್ದು ಉಲ್ಟಾ ಹೊಡೀತೈತಿ, ಅದಕ್ಕ ಕೆಳಗ ಬರ್ದದ್ದನ್ನ ಅದ ಕ್ರಮದಾಗ ಮಾಡ್ರಿ.

ಮೊದಲು ತಾಟು ನೋಡ್ರಿ

ತೂಕದ ಕಾಟಾ ಆಮ್ಯಾಲೆ. ಒಂದು ವಾರ ಏನೂ ಅನ್ನದ, ಬಾಯಿ ಮುಚ್ಕೊಂಡು ಜೋಡಿಗೆ ಕುಂತು ಊಟ ಮಾಡ್ರಿ, ಕಣ್ಣಿಗೆ ಬೀಳೂದು ಬೀಳ್ತೈತಿ. ರೊಟ್ಟಿನ ಉಗುರಿನಷ್ಟು ಉಗುರಿನಷ್ಟು ಮುರದು ತಾಟಿನ ಅಂಚಿಗೆ ಸಾಲಾಗಿ ಇಡೂದು, ಎಣ್ಣಿಗಾಯಿ ಪಲ್ಲೆದ ಎಣ್ಣಿ ಬೆರಳಿಲೆ ಬಳದು ತಾಟಿನ ಇನ್ನೊಂದು ಮಗ್ಗಲಿಗೆ ಸರಸೂದು, ಶೇಂಗಾ ಚಟ್ನಿ ಮುಟ್ಟದ ಬಿಡೂದು, ತುತ್ತಿಗೊಮ್ಮೆ ನೀರು ಕುಡಿಯೂದು, ಮುಕ್ಕಾಲು ತಾಸಾದ್ರೂ ಅರ್ಧಾ ರೊಟ್ಟಿ ಹಂಗ ಉಳಿಯೂದು, ಆಮ್ಯಾಲೆ "ಹೊಟ್ಟಿ ತುಂಬ್ತು" ಅಂತ ಅದನ್ನ ತಮ್ಮನ ತಾಟಿಗೆ ಹಾಕೂದು. ಇದರ ಜೋಡಿ ಇನ್ನೊಂದು ವಿಚಿತ್ರ ಇರ್ತೈತಿ: ತಾ ತಿನ್ನದಾಕಿ ಮಂದಿಗೆಲ್ಲಾ ಅಡಿಗಿ ಮಾಡಿ ಬಡಸ್ತಾಳ, ಮೊಬೈಲ್‌ನಾಗ ಕೇಕ್ ಮಾಡೂದು ತಾಸುಗಟ್ಟಲೆ ನೋಡ್ತಾಳ.

ಇನ್ನೊಂದು ಥರಾ ಇದಕಿಂತ ಗುಟ್ಟಿನದ್ದು. ಉಂಡ ಕೂಡ್ಲೇ ಬಾತ್‌ರೂಮಿಗೆ ಹೋಗಿ ನಳಾ ಜೋರ್ ಬಿಡೂದು, ರಾತ್ರೋರಾತ್ರಿ ಉಂಡಿ ಡಬ್ಬಿ ಖಾಲಿ ಆಗೂದು, ಹಾಸಿಗಿ ಬುಡಕ ಬಿಸ್ಕೀಟಿನ ಹಾಳಿ ಸಿಗೂದು, ಕಿವಿ ಕೆಳಗ ಗಲ್ಲ ಉಬ್ಬಿದಂಗ ಕಾಣೂದು, ಬೆರಳ ಗೆಣ್ಣಿನ ಮ್ಯಾಲೆ ಹಲ್ಲ ತಾಗಿ ಕಾಯಿಗಟ್ಟೂದು, ಹಲ್ಲು ಝುಂ ಅನ್ನೂದು. ಈ ಹುಡುಗ್ಯಾರ ತೂಕ ಸರಿ ಇರಬಹುದು, ಹೆಚ್ಚೂ ಇರಬಹುದು, ಹಿಂಗಾಗಿ ಯಾರಿಗೂ ಸಂಶೆ ಬರೂದಿಲ್ಲ. ಮೊದಲನೇ ಥರಕ್ಕ ಅನೊರೆಕ್ಸಿಯಾ, ಎರಡನೇದಕ್ಕ ಬುಲಿಮಿಯಾ, ವಾಂತಿ ಏನೂ ಇಲ್ಲದ ಹಿಡಿತ ತಪ್ಪಿ ತಿನ್ನೂದಷ್ಟ ಇದ್ರ ಬಿಂಜ್ ಈಟಿಂಗ್ ಅಂತಾರ ಡಾಕ್ಟರ್ರು. ಹೆಸರು ಅವರಿಗೆ ಬಿಡ್ರಿ, ಒಂದ ಮಗು ಒಂದರಿಂದ ಇನ್ನೊಂದಕ್ಕ ಹೋಗೂದೂ ಐತಿ.

ಹುಡುಗರನ್ನ ಮರೀಬ್ಯಾಡ್ರಿ. ಜಿಮ್ಮಿಗೆ ಹೋಗ್ತಾನ, ಪ್ರೋಟೀನ್ ಪೌಡರ್ ಕುಡೀತಾನ, ಅನ್ನ ಬಿಟ್ಟಾನ, ಒಂದಿನ ಜಿಮ್ ತಪ್ಪಿದ್ರ ಮನಿ ತುಂಬ ಸಿಟ್ಟು. "ಗಂಡ ಹುಡುಗ, ಬಾಡಿ ಮಾಡಾಕತ್ತಾನ" ಅಂತ ಸುಮ್ನಾಗಿಬಿಡ್ತಾರ. ಮತ್ತ ಮೊದಲು ದಪ್ಪ ಇದ್ದ ಮಗು ಗಡಾ ಗಡಾ ತೂಕ ಇಳಿಸಿದ್ರ ಎಲ್ಲಾರೂ ಶಾಬ್ಬಾಸ್ ಅಂತಾರ, ನೋಡಾಕ ಸರಿಯಾಗೇ ಕಂಡ್ರೂ ಆ ಮಗುವಿನ ಹೃದಯಕ್ಕ ಆಗೋ ತ್ರಾಸು ಬಡಕಲು ಮಗುವಿನಷ್ಟ ಇರಬಹುದು.

ಆಮ್ಯಾಲೆ ಮೈ ತೋರಸ್ರಿ, ಮನಸ್ಸಿನ ಮಾತು ನಂತರ

ಇದನ್ನ ಮಂದಿ ಉಲ್ಟಾ ಮಾಡ್ತಾರ. ಮೊದಲು ಸ್ವಾಮಿಗೋಳ ಕಡೆ, ಆಮ್ಯಾಲೆ ಕೌನ್ಸೆಲಿಂಗ್, ಕೊನೀಗೆ ಡಾಕ್ಟರ್. ಹಂಗಲ್ಲ, ಸಂಶೆ ಬಂದ ದಿನಾನ ಫಿಸಿಶಿಯನ್ ಇಲ್ಲಾ ಮಕ್ಕಳ ಡಾಕ್ಟರ್. ಹತ್ತು ನಿಮಿಷ ಮಲಗಿಸಿ ಮುಂಗೈ ನಾಡಿ ಪೂರ್ತಿ ಒಂದ ನಿಮಿಷ ಎಣಸ್ರಿ. ಎಚ್ಚರ ಇದ್ದಾಗ 50ಕ್ಕಿಂತ ಕಡಿಮಿ ಬಂದ್ರ, ಎದ್ದು ನಿಂತ ಕೂಡ್ಲೇ ಕಣ್ಣ ಕತ್ತಲಿ ಬಂದು ಬಿದ್ರ, ನೀರೂ ಕುಡಿಯೂದು ಬಿಟ್ರ, ದಿನಾ ವಾಂತಿ ಇದ್ರ, ಎದಿ ಢವಢವ ಅಂದ್ರ, ಸಾಯೂ ಮಾತಾಡಿದ್ರ ಅವತ್ತ ಆಸ್ಪತ್ರಿಗೆ ಹೋಗ್ರಿ, ಸೋಮವಾರ ತನಕ ಕಾಯಬ್ಯಾಡ್ರಿ. "ದಿನಾ ಓಡ್ತಾಳ, ಅದಕ್ಕ ಪಲ್ಸ್ ಕಡಿಮಿ" ಅಂತ ಸಮಾಧಾನ ಮಾಡ್ಕೊಳ್ಳೂದು ಅಪಾಯ. ಮಾನಸಿಕ ಕಾಯಿಲೆಗಳೊಳಗ ಜೀವ ತಗಿಯೂದ್ರಾಗ ಅನೊರೆಕ್ಸಿಯಾ ಮುಂದಿನ ಸಾಲಿನ್ಯಾಗ ಐತಿ, ಉಪವಾಸದಿಂದಾನೂ ಜೀವ ಹೋಗ್ತೈತಿ, ಆತ್ಮಹತ್ಯೆಯಿಂದಾನೂ ಹೋಗ್ತೈತಿ.

ಡಾಕ್ಟರಿಗೆ ಇಸಿಜಿ, ಸೋಡಿಯಂ, ಪೊಟ್ಯಾಶಿಯಂ, ಫಾಸ್ಫೇಟ್, ಶುಗರ್ ಮಾಡ್ರಿ ಅಂತ ನೀವ ಕೇಳ್ರಿ, ವಾಂತಿ ಮಾಡ್ಕೊಳ್ಳೋರಿಗೆ ಪೊಟ್ಯಾಶಿಯಂ ಇಳದು ಹೃದಯದ ಬಡಿತ ತಪ್ತೈತಿ. ತೂಕ ಇಳಿಯಾಕ ಥೈರಾಯ್ಡ್, ಸಕ್ಕರಿ ಕಾಯಿಲೆ, ಟಿಬಿನೂ ಕಾರಣ ಇರಬಹುದು, ಅವು ಇಲ್ಲ ಅಂತ ಖಾತ್ರಿ ಮಾಡ್ಕೊಬೇಕು. ಮಗುವಿಗೆ ಮೊದಲಿಂದ ಇನ್ಸುಲಿನ್ ನಡದಿದ್ರ ಇನ್ನೊಂದು ಕೇಳ್ರಿ: ತೂಕ ಇಳೀಲಿ ಅಂತ ಇಂಜೆಕ್ಷನ್ ತಪ್ಪಸಾಕತ್ತಾಳೇನು? ಇದು ಆಗ್ತೈತಿ, ಭಾಳ ಡೇಂಜರ್. ಹುಡುಗ್ಯಾರಿಗೆ ಮುಟ್ಟು ನಿಂತು ಮೂರು ತಿಂಗಳಾಗಿದ್ರ ಹೇಳ್ರಿ, ಮುಟ್ಟು ಬರಾಕತ್ತೈತಿ ಅಂದ್ರ ಕಾಯಿಲೆ ಇಲ್ಲ ಅಂತನೂ ಅಲ್ಲ.

ಒಂದು ಎಚ್ಚರಿಕಿ. ವಾರಗಟ್ಟಲೆ ಏನೂ ತಿನ್ನದ ಇದ್ದಾಕಿಗೆ ಅಜ್ಜಿ ಬಂದು ಒಮ್ಮೆಲೇ ಹೋಳಿಗಿ, ತುಪ್ಪ, ಪಾಯಸ ಅಂತ ತುರುಕಬಾರದು. ಖಾಲಿ ಬಿದ್ದ ಮೈಗೆ ಸಡನ್ನಾಗಿ ಊಟ ಬಿದ್ರ ರಕ್ತದಾಗಿನ ಫಾಸ್ಫೇಟ್, ಪೊಟ್ಯಾಶಿಯಂ ಕುಸೀತಾವ, ಇದಕ್ಕ ರೀಫೀಡಿಂಗ್ ಸಿಂಡ್ರೋಮ್ ಅಂತಾರ, ಜೀವಕ್ಕ ಕುತ್ತು ಬರಬಹುದು. ಎಷ್ಟರಿಂದ ಶುರು ಮಾಡಬೇಕು, ಹೆಂಗ ಏರಸ್ಬೇಕು ಅಂತ ಡಾಕ್ಟರ್ ಹೇಳ್ಬೇಕು.

ಸ್ವಭಾವ ಯಾವುದು, ಹಸಿವಿ ಯಾವುದು

ಈ ಮಕ್ಕಳ ಸ್ವಭಾವದ ಮ್ಯಾಲೆ ಭಾಳ ಅಭ್ಯಾಸ ಆಗ್ಯಾವ. ಅಮೆರಿಕಾದ ಮನೋವೈದ್ಯ ರಾಬರ್ಟ್ ಕ್ಲೋನಿಂಜರ್ ಮಾಡಿದ ಒಂದು ಪ್ರಶ್ನಾವಳಿ ಐತಿ, ಹುಟ್ಟಿಲೆ ಬಂದ ಗುಣ ಯಾವುವು, ಬೆಳೀತಾ ಕಟ್ಕೊಂಡ ಗುಣ ಯಾವುವು ಅಂತ ಬ್ಯಾರೆ ಮಾಡಿ ನೋಡ್ತೈತಿ. ಅನೊರೆಕ್ಸಿಯಾ ಇರೋರೊಳಗ ಮತ್ತ ಮತ್ತ ಕಾಣೂದು ಏನಂದ್ರ, ಏನ್ ಕೆಟ್ಟದ್ದಾಗ್ತೈತೋ ಅನ್ನೋ ಅಂಜಿಕಿ ಹೆಚ್ಚು, ಹಿಡದ ಕೆಲಸ ಬಿಡದಿರೂದು ಹೆಚ್ಚು, ಎಲ್ಲಾ ಪರ್ಫೆಕ್ಟ್ ಇರಬೇಕು ಅನ್ನೂದು ಹೆಚ್ಚು, ಆದ್ರ "ನನ್ನ ಜೀವನ ನಾ ನಡಸಬಲ್ಲೆ" ಅನ್ನೋ ಭರೋಸಾ ಕಡಿಮಿ. ಬುಲಿಮಿಯಾ ಇರೋರೊಳಗೂ ಅಂಜಿಕಿ ಇರ್ತೈತಿ, ಆದ್ರ ಜೋಡಿಗೆ ಗಡಿಬಿಡಿ, ಹೊಸಾದರ ಸೆಳೆತ, ಮನಸ್ಸಿಗೆ ನೋವಾದ ಕೂಡ್ಲೇ ವಿಚಾರ ಮಾಡದ ಏನರ ಮಾಡಿಬಿಡೂದು ಹೆಚ್ಚು ಕಾಣ್ತೈತಿ. ಇವೆಲ್ಲಾ ಒಲವು ಅಷ್ಟ, ಹಣೆಬರಹ ಅಲ್ಲ. ಪರ್ಫೆಕ್ಟ್ ಬೇಕು ಅನ್ನೋ ಹುಡುಗ್ಯಾರು ಕ್ಲಾಸಿನ್ಯಾಗ ಎಷ್ಟೋ ಮಂದಿ ಇರ್ತಾರ, ಹೆಚ್ಚಿನವ್ರು ಸರಿಯಾಗೇ ಉಣ್ತಾರ.

ಆದ್ರ ಇಲ್ಲೊಂದು ಮಾತು ತಿಳ್ಕೊಬೇಕು, ನನ್ನ ಕೇಳಿದ್ರ ಈ ಇಡೀ ವಿಷಯದಾಗ ಇದ ಮುಖ್ಯ. 1944-45ರಾಗ ಅಮೆರಿಕಾದ ಮಿನೆಸೋಟಾ ಯೂನಿವರ್ಸಿಟಿಯೊಳಗ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಮಂದಿ ಗಟ್ಟಿಮುಟ್ಟಾದ ಗಂಡಸರನ್ನ, ಅವರ ಒಪ್ಪಿಗಿ ತಗೊಂಡು, ಸುಮಾರು ಆರು ತಿಂಗಳು ಅರೆಹೊಟ್ಟಿಯೊಳಗ ಇಟ್ಟ. ಯುದ್ಧದಾಗ ಹಸದ ಮಂದಿಗೆ ಹೆಂಗ ಮತ್ತ ಊಟ ಕೊಡಬೇಕು ಅಂತ ತಿಳಿಯಾಕ ಆ ಪ್ರಯೋಗ. ಅವ್ರಿಗೆ ಯಾರಿಗೂ ಊಟದ ಕಾಯಿಲೆ ಇರಲಿಲ್ಲ, ಆರಿಸಿ ತಗೊಂಡವರು. ಮೈತೂಕದ ಕಾಲು ಭಾಗ ಇಳಿಯೂದ್ರೊಳಗ ಅವ್ರು ಹೆಂಗಾದ್ರು ಅಂದ್ರ, ಊಟದ ಬಗ್ಗೆ ಬಿಟ್ರ ಬ್ಯಾರೆ ವಿಚಾರ ಇಲ್ಲ, ಅಡಿಗಿ ಪುಸ್ತಕ ಕೂಡಿ ಹಾಕಿದ್ರು, ಒಂದ ಊಟ ತಾಸುಗಟ್ಟಲೆ ತಿಂದ್ರು, ತಾಟು ನೆಕ್ಕಿದ್ರು, ಸಿಡಿಮಿಡಿ, ಯಾರ ಜೋಡೀನೂ ಮಾತು ಬ್ಯಾಡ, ನಗು ಹೋತು. ಮತ್ತ ಊಟ ಕೊಟ್ಟಾಗ ಕೆಲವರಿಗೆ ತಿನ್ನೂದು ಎಲ್ಲಿ ನಿಲ್ಲಿಸಬೇಕು ಅಂತನ ತಿಳೀಲಿಲ್ಲ. ಈಗ ಮ್ಯಾಲೆ ಬರ್ದ ತಾಟಿನ ಸುದ್ದಿ ನೆನಸ್ಕೊಳ್ರಿ. ನಿಮ್ಮ ಮಗಳ "ಹಠಮಾರಿ ಸ್ವಭಾವ"ದಾಗ ಎಷ್ಟ ಪಾಲು ಆಕಿದು, ಎಷ್ಟ ಪಾಲು ಬರೇ ಹಸಿವಿದು?

ಅದಕ್ಕ ಹಿಂಗ ಮಾಡ್ರಿ. ಒಂದು ನೋಟ್‌ಬುಕ್ಕಿನ್ಯಾಗ, ಊಟ ಕಡಿಮಿ ಆಗೂದಕಿಂತ ಎರಡು ವರ್ಷ ಮೊದಲು ಮಗು ಹೆಂಗಿತ್ತು ಅಂತ ಬರೀರಿ. ಏಳನೇತ್ತಾ ಎಂಟನೇತ್ತಾ ಕಲಿಸಿದ ಟೀಚರಿಗೆ ಕೇಳ್ರಿ, ಅಜ್ಜಿಗೆ ಕೇಳ್ರಿ, ಅಜ್ಜಿಗೋಳಿಗೆ ಅಪ್ಪ-ಅವ್ವಗಿಂತ ಛಲೋ ನೆನಪಿರ್ತೈತಿ. ಒಂದಕ್ಷರ ಕೆಟ್ರ ಇಡೀ ಹಾಳಿ ಹರದು ಮತ್ತ ಬರೀತಿದ್ಲಾ? ಹಂಗಾದ್ರ ಅದು ಮೊದಲಿಂದ ಇದ್ದ ಗುಣ, ಅದನ್ನ ಮುಂದ ಹೆಂಗ ಸಂಭಾಳಿಸಬೇಕು ನೋಡೂಣು. ಗೆಳತ್ಯಾರ ಜೋಡಿ ಕಿಲಕಿಲ ನಗ್ತಿದ್ದಾಕಿ ಈಗ ಬಾಗಲಾ ಹಾಕ್ಕೊಂಡು ಕುಂಡ್ರತಾಳಾ? ಅದು ಹೆಚ್ಚಾಗಿ ಉಪವಾಸದ ಫಲ, ತೂಕ ಬಂದಂಗ ತಾನ ಬಿಡ್ತೈತಿ. ಈ ನೋಟ್‌ಬುಕ್ ಡಾಕ್ಟರಿಗೂ ಉಪಯೋಗ ಬೀಳ್ತೈತಿ, ಮೈ ಬಡಕಲಾದಾಗ ಪರ್ಸನ್ಯಾಲಿಟಿ ಹಿಂಗೈತಿ ಅಂತ ಚೀಟಿ ಹಚ್ಚೂದು ತಪ್ಪು ಅನ್ನೂದು ಅವರಿಗೆ ಗೊತ್ತಿರ್ತೈತಿ.

ಊಟ ನಿಮ್ಮ ಕೈಯಾಗ ತಗೋರಿ

18 ವರ್ಷದೊಳಗಿನ ಅನೊರೆಕ್ಸಿಯಾಕ್ಕ ಮೊದಲು ಹೇಳೂದು ಮನಿಯವರನ್ನ ಮುಂದಿಟ್ಕೊಂಡು ಮಾಡೋ ಚಿಕಿತ್ಸೆ, 1980ರ ದಶಕದಾಗ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರಿಯೊಳಗ ಬೆಳದು ಬಂದದ್ದು. ಮೂರು ಹಂತ: ಮೊದಲು ಊಟದ ನಿರ್ಧಾರ ಪೂರ್ತಿ ಅಪ್ಪ-ಅವ್ವಂದು, ತೂಕ ಏರಿದ ಮ್ಯಾಲೆ ಸಾವಕಾಶ ಮಗುವಿನ ಕೈಗೆ, ಕೊನೀಗೆ ಆ ವಯಸ್ಸಿನ ಬ್ಯಾರೆ ವಿಷಯ. ಇದನ್ನ ಗೊತ್ತಿದ್ದ ಡಾಕ್ಟರ್ ಇಲ್ಲಾ ಸೈಕಾಲಜಿಸ್ಟ್ ಜೋಡಿ ಮಾಡ್ರಿ, ಆದ್ರ ಮನ್ಯಾಗಿನ ಕೆಲಸ ನಿಮ್ಮದ.

ದಿನಕ್ಕ ಮೂರು ಊಟ, ನಡುವ ಎರಡು ಮೂರು ಸಲ ತಿಂಡಿ, ಎರಡರ ನಡುವ ಮೂರು ನಾಕು ತಾಸಿಗಿಂತ ಹೆಚ್ಚು ಗ್ಯಾಪ್ ಬ್ಯಾಡ. ಮುಂಜಾನೆ ಉಪ್ಪಿಟ್ಟು ಇಲ್ಲಾ ಅವಲಕ್ಕಿ, ಹನ್ನೊಂದಕ್ಕ ಹಾಲು ಬಾಳೆಹಣ್ಣು, ಮಧ್ಯಾಹ್ನ ರೊಟ್ಟಿ ಪಲ್ಲೆ ಬ್ಯಾಳಿ ಅನ್ನ ಮೊಸರು, ಸಂಜಿಮುಂದ ಚುರುಮರಿ ಶೇಂಗಾ, ರಾತ್ರಿ ಮತ್ತ ಊಟ. ಬ್ಯಾರೆ ಡಯಟ್ ಅಡಿಗಿ ಮಾಡಬ್ಯಾಡ್ರಿ, ಮನ್ಯಾಗ ಏನೈತೋ ಅದ. ಬಡಸೂದು ಒಬ್ರ ದೊಡ್ಡವ್ರು, ಅಳತಿ ಬಗ್ಗೆ ತಾಟಿನ ಮುಂದ ಚೌಕಾಸಿ ಇಲ್ಲ, ಅಪ್ಪ ಒಂದು ಅವ್ವ ಒಂದು ಹೇಳೂದಂತೂ ಇಲ್ಲವೇ ಇಲ್ಲ. ಅಪ್ಪ "ಸಾಕ ಬಿಡು ಪಾಪ" ಅಂದ್ರ ಅವತ್ತಿನ ಊಟ ಮುಗೀತು ಅಂತ ತಿಳೀರಿ.

ಮಾತು ಹೆಂಗಿರಬೇಕು ಅಂದ್ರ:

"ಅವ್ವಾ, ಎಣ್ಣಿ ಭಾಳ ಹಾಕೀ ನೀ."

"ಡಾಕ್ಟರ್ ಹೇಳಿದಷ್ಟ ಹಾಕೀನಿ."

"ನಾ ತಿನ್ನಂಗಿಲ್ಲ ಹೋಗ."

"ಅಂಜಿಕಿ ಬರಾಕತ್ತೈತಿ ನಿನಗ, ಗೊತ್ತೈತಿ ಯವ್ವಾ. ನಾ ಇಲ್ಲೇ ಕುಂತೀನಿ. ಮುಂದಿನ ತುತ್ತ ತಗೋ."

ಅಷ್ಟ. ಕ್ಯಾಲರಿ ಲೆಕ್ಕದ ವಾದಕ್ಕ ಇಳೀಬ್ಯಾಡ್ರಿ, ಆಕಿಗೆ ನಿಮಗಿಂತ ಹೆಚ್ಚು ಗೊತ್ತಿರ್ತೈತಿ, ಸೋಲ್ತೀರಿ. ಆಣಿ ಹಾಕಸೂದು, "ನಮ್ಮ ಮಾನ ಕಳದಿ" ಅನ್ನೂದು, ಹೊಡಿಯೂದು, ಬಾಯಾಗ ತುರುಕೂದು ಬ್ಯಾಡ. ಉಂಡ ಮ್ಯಾಲೆ ಒಂದು ತಾಸು ಜೋಡಿಗಿರ್ರಿ, ಪಗಡಿ ಆಡ್ರಿ, ಶೇಂಗಾ ಸುಲೀರಿ, ಟಿವಿ ನೋಡ್ರಿ, ಬಾತ್‌ರೂಮಿಗೆ ಹೋಗೂದು ಊಟಕ್ಕಿಂತ ಮೊದಲ. ಮನ್ಯಾಗಿನ ತೂಕದ ಮಷೀನು ತಗದಿಡ್ರಿ, ತೂಕ ಡಾಕ್ಟರ್ ಕಡೆ ವಾರಕ್ಕೊಮ್ಮೆ ನೋಡೂದು. ಮೊದಲ ಎರಡು ಮೂರು ವಾರ ಮನಿ ರಣರಂಗ ಆಗ್ತೈತಿ, ಅಡಿಗಿ ಕೆಟ್ಟೈತಿ ಅಂತ ನಿಮಗ ಬೈಯೂದೂ ಆಗ್ತೈತಿ.

ತಿಂದು ವಾಂತಿ ಮಾಡ್ಕೊಳ್ಳೋರಿಗೆ

ಇಲ್ಲಿ ಡಬ್ಬಿಗೆ ಕೀಲಿ ಹಾಕೂದು, ಬೈಯೂದು ಎರಡೂ ಉಪಯೋಗಿಲ್ಲ. ಮುಂಜಾನೆ ನಾಷ್ಟಾ ಬಿಟ್ಟು ಮಧ್ಯಾಹ್ನ ಅರ್ಧಾ ಉಂಡು ರಾತ್ರಿ ಹನ್ನೊಂದಕ್ಕ ಹಿಡಿತ ತಪ್ಪೂದು, ಆಮ್ಯಾಲೆ ಪಶ್ಚಾತ್ತಾಪಕ್ಕ ವಾಂತಿ, ಮರುದಿನ ಮತ್ತ ಉಪವಾಸ, ಇದು ಗಿರಗಿರ ತಿರಗೂದು. ಮುರೀಬೇಕಾದ್ದು ರಾತ್ರಿದಲ್ಲ, ಮುಂಜಾನೇದು. ಹಿಂದಿನ ರಾತ್ರಿ ಏನ ಆಗಿರ್ಲಿ, ಮರುದಿನ ನಾಷ್ಟಾ ಟೈಮಿಗೆ ಆಗಬೇಕು.

ಇವರಿಗೆ ಒಂದು ಸಣ್ಣ ಡೈರಿ ಕೊಡ್ರಿ, ಅದರಾಗ ಕ್ಯಾಲರಿ ಬರಿಯೂದಿಲ್ಲ, ಎಷ್ಟೊತ್ತಿಗೆ ಆಸೆ ಎದ್ದಿತು, ಅದಕ್ಕೂ ಮುಂಚೆ ಏನ್ ಆಗಿತ್ತು, ಮನಸ್ಸಿಗೆ ಏನ್ ಅನಸ್ತು ಅಷ್ಟ. ಎರಡು ವಾರದಾಗ ಜಾಡು ಸಿಗ್ತೈತಿ: ಟೆಸ್ಟಿನ ಮಾರ್ಕ್ಸ್ ಬಂದ ದಿನ, ಗ್ರೂಪ್ ಫೋಟೋ ಯಾರೋ ಸ್ಟೇಟಸ್ಸಿಗೆ ಹಾಕಿದ ದಿನ, ಅಪ್ಪ-ಅವ್ವ ಜಗಳಾಡಿದ ದಿನ. ಆಸೆ ಎದ್ದಾಗ "ತಡಕೋ" ಅಂದ್ರ ಆಗೂದಿಲ್ಲ, ಹದಿನೈದು ನಿಮಿಷ ಮುಂದೂಡೂದು ಕಲಸ್ರಿ, ತಣ್ಣೀರಿಲೆ ಮುಖ ತೊಳಿ, ಟೆರೇಸಿಗೆ ಹೋಗು, ಅಕ್ಕಗ ಫೋನ್ ಹಚ್ಚು. ಅಲೆ ಏರಿದ್ದು ಇಳೀತೈತಿ ಅನ್ನೂದು ಮೈಗೆ ಗೊತ್ತಾಗಬೇಕು. ವಾಂತಿ ಆಗೇಬಿಟ್ರ ಕೂಡ್ಲೇ ಹಲ್ಲು ತಿಕ್ಕಬಾರದು, ಹೊಟ್ಟಿಯ ಆಸಿಡ್ ಹತ್ತಿದ ಹಲ್ಲು ಸವೀತಾವ, ನೀರಿಲೆ ಬಾಯಿ ಮುಕ್ಕಳಿಸಿದ್ರ ಸಾಕು. ಜುಲಾಬಿನ ಗುಳಿಗಿ ತಗೊಳ್ಳಾಕತ್ತಿದ್ರ ಡಾಕ್ಟರಿಗೆ ಮುಚ್ಚಿಡಬ್ಯಾಡ್ರಿ.

ಹಗ್ಗ ಸಡಿಲ ಬಿಡಾಕ ಕಲಸೂದು

ಇದು ತೂಕ ಒಂದಿಷ್ಟು ಬಂದ ಮ್ಯಾಲೆ. ಹಸದ ಮೆದುಳಿಗೆ ಪಾಠ ಹತ್ತೂದಿಲ್ಲ, ಅದಲ್ಲದ ವಿಚಾರ ಮಾಡಿ ಬ್ರೇಕ್ ಹಾಕೋ ಮೆದುಳಿನ ಮುಂಭಾಗ 25ರ ಆಸುಪಾಸಿನತನಕ ಬೆಳೀತಾನ ಇರ್ತೈತಿ, 16ರ ಹುಡುಗಿ ಕಡೆ 40ರ ತಿಳುವಳಿಕಿ ಕೇಳಬ್ಯಾಡ್ರಿ.

ಬಿಗಿ ಹಿಡಿಯೋ ಮಗುವಿಗೆ ದಿನಾ ಒಂದು ಬೇಕಂತನ ಸೊಟ್ಟ ಕೆಲಸ ಕೊಡ್ರಿ. ಬ್ಯಾರೆ ತಾಟಿನ್ಯಾಗ ಉಣ್ಣೂದು. ನೋಟ್ಸಿನ್ಯಾಗ ಒಂದು ತಪ್ಪು ಗೀಟು ಹಂಗ ಬಿಡೂದು. ಸಂಜಿ ಪ್ಲಾನ್ ಇಲ್ಲದ ಉಣಕಲ್ ಕೆರಿಗೆ ಹೋಗಿ ಅಲ್ಲೇ ಗಿರಮಿಟ್ಟು ತಿಂದು ಬರೂದು, ಎಷ್ಟ ಎಣ್ಣಿ ಅಂತ ಕೇಳದ. ಸಣ್ಣದು ಅನ್ನಸ್ತೈತಿ, ಆದ್ರ ಆ ಗೀಟು ನೋಡ್ಕೋತ ಅರ್ಧಾ ತಾಸು ಕುಂತು ಬೆವತ ಹುಡುಗೀನ ನೋಡೀನಿ, ಮರುವಾರ ಅದ ಗೀಟಿಗೆ ಆಕಿ ನಕ್ಳು. ಕೈ ಬಿಡೋ ಮಗುವಿಗೆ ಇದರ ಉಲ್ಟಾ: ಟೈಮಿಗೆ ಮಲಗೂದು, ಟೈಮಿಗೆ ಉಣ್ಣೂದು, ಸಿಟ್ಟು-ದುಃಖ ಬಾಯಿಲೆ ಹೇಳೂದು. "ಅಳಬ್ಯಾಡ ಸುಮ್ನಿರು" ಅನ್ನೂದನ್ನ ಮನ್ಯಾಗ ನಿಲ್ಲಸ್ರಿ.

ಹೊಗಳಿಕಿನೂ ಬದಲ್ಯಾಗಬೇಕು. ರ‍್ಯಾಂಕು, ಬೆಳಿಗ್ಗೆ ಐದಕ್ಕ ಏಳೂದು, ಸಕ್ಕರಿ ಬಿಟ್ಟದ್ದು ಇವಕ್ಕ ಹೊಗಳಿ ಹೊಗಳಿ ನಾವ ಹಗ್ಗ ಬಿಗದೀವಿ. "ಇವತ್ತ ಓದದ ಮಲಗಿದಿ, ಛಲೋ ಮಾಡಿದಿ" ಅಂತ ಒಮ್ಮೆ ಅಂದು ನೋಡ್ರಿ, ಮಗು ನಿಮ್ಮನ್ನ ಸಂಶೆಲೆ ನೋಡ್ತೈತಿ.

ಉಪವಾಸ, ಮದುವಿ, ಹಾಸ್ಟೆಲ್

ನಮ್ಮ ಕಡೆ ಸೋಮವಾರ ಒಬ್ರು, ಗುರುವಾರ ಒಬ್ರು, ಶನಿವಾರ ಒಬ್ರು ಒಪ್ಪತ್ತು ಮಾಡೂದು ಐತಿ, ಶ್ರಾವಣ ಬಂತಂದ್ರ ಕೇಳೂದ ಬ್ಯಾಡ. ಈ ಕಾಯಿಲೆ ಭಕ್ತಿ ಸೆರಗಿನ್ಯಾಗ ಛಲೋ ಅಡಗತೈತಿ. ಮನ್ಯಾಗ ಯಾರೂ ಮಾಡದ ಉಪವಾಸ ಮಗು ಒಂದೇ ಶುರು ಮಾಡಿದ್ರ, ಉಪವಾಸ ಬಿಡೋ ಹೊತ್ತಿಗೂ ತಿನ್ನದಿದ್ರ ಎಚ್ಚರಾಗ್ರಿ. ಚಿಕಿತ್ಸೆ ಮುಗಿಯೋತನಕ ಉಪವಾಸ, ರೋಜಾ ಯಾವುದೂ ಬ್ಯಾಡ. ಕಾಯಿಲೆ ಇದ್ದವರಿಗೆ ರಿಯಾಯಿತಿ ಎಲ್ಲಾ ಧರ್ಮದಾಗೂ ಐತಿ, ಬೇಕಾದ್ರ ಮಠದ ಅಜ್ಜಾರ ಇಲ್ಲಾ ಮೌಲ್ವಿಗೋಳ ಬಾಯಿಲೇ ಹೇಳಸ್ರಿ, ಮಗು ಅವರ ಮಾತು ಕೇಳೂದು ಹೆಚ್ಚು.

ಮದುವಿಗೆ ಹೋದಾಗ "ಅಯ್ಯ ಎಷ್ಟ ಸೊರಗೀಯವಾ", ಎರಡು ತಿಂಗಳ ಬಿಟ್ಟು "ಈಗ ಮೈ ಕೈ ತುಂಬ್ಕೊಂಡಿ ನೋಡ", ಎರಡೂ ವಿಷಾನ. ಅತ್ತಿಗೋಳಿಗೆ ಚಿಕ್ಕಮ್ಮಗೋಳಿಗೆ ಮೊದಲ ಫೋನ್ ಮಾಡಿ ಮೈ ಬಗ್ಗೆ ಮಾತು ಬ್ಯಾಡ ಅಂತ ಹೇಳಿಡ್ರಿ. ಸಿಟ್ಟಾದ್ರ ಆಗ್ಲಿ.

ಹಾವೇರಿ, ಗದಗ ಕಡೆಯಿಂದ ಮಕ್ಕಳನ್ನ ಧಾರವಾಡದ ಸಪ್ತಾಪುರದ ಪಿಜಿಗೋಳಿಗೆ ತಂದು ಬಿಟ್ಟು ತಿಂಗಳಿಗೊಮ್ಮೆ ನೋಡೋರು ವಿಡಿಯೋ ಕಾಲ್ ಊಟದ ಹೊತ್ತಿಗೆ ಮಾಡ್ರಿ, ಮೆಸ್ ಕಾರ್ಡಿನ್ಯಾಗ ಎಷ್ಟ ಊಟ ಬಿಟ್ಟೈತಿ ಕೇಳ್ರಿ. ಕಾಯಿಲೆ ಖಾತ್ರಿ ಆದ್ರ ಒಂದು ವರ್ಷ ಹೋದ್ರೂ ಹೋಗ್ಲಿ, ಮನಿಗೆ ಕರ್ಕೊಂಡು ಬರ್ರಿ. ಈ ಮಾತಿಗೆ ಅಪ್ಪಂದಿರು ಭಾಳ ಒದ್ದಾಡ್ತಾರ, ನೀಟ್ ಮುಂದಿನ ವರ್ಷಾನೂ ಇರ್ತೈತ್ರಿ.

ಎಲ್ಲಿಗೆ ಹೋಗಬೇಕು

ಧಾರವಾಡದ ಬೆಳಗಾವಿ ರಸ್ತೆಯ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್, ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗ-ಹಾವೇರಿಯ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರಿಗೋಳು, ಇಲ್ಲೆಲ್ಲಾ ಮನೋವೈದ್ಯರು ಸಿಗ್ತಾರ. ತಾಲೂಕು ಆಸ್ಪತ್ರಿಗೆ ಮನೋಚೈತನ್ಯ ಕಾರ್ಯಕ್ರಮದಾಗ ಮನೋವೈದ್ಯರು ಬರೋ ದಿನ ಇರ್ತೈತಿ, ಕೇಳ್ಕೊಂಡು ಹೋಗ್ರಿ. ಮೈ ಭಾಳ ಇಳದಿದ್ರ ಮೊದಲು ಫಿಸಿಶಿಯನ್ ಇರೋ ಜನರಲ್ ಆಸ್ಪತ್ರಿ, ಕಷ್ಟದ ಕೇಸಾದ್ರ ಬೆಂಗಳೂರಿನ ನಿಮ್ಹಾನ್ಸ್. "ಧಾರವಾಡಕ್ಕ ಕಳಸ್ರಿ ಇವನ್ನ" ಅಂತ ನಮ್ಮ ಮಂದಿ ಚೇಷ್ಟಿ ಮಾಡೋ ಮಾತಿಗೆ ಅಂಜಿ ಆರು ತಿಂಗಳು ಸುಮ್ನ ಕುಂತವರನ್ನ ನೋಡೀನಿ, ಆ ಆರು ತಿಂಗಳು ಭಾಳ ತುಟ್ಟಿ ಬೀಳ್ತಾವ. ಮನಿಯಿಂದ ಹೊರಗ ಹೋಗಾಕ ಆಗದಿದ್ರ ಸರಕಾರದ ಸಹಾಯವಾಣಿ ಟೆಲಿ ಮಾನಸ್ 14416, 2022ರಿಂದ ಐತಿ, ಹಗಲು-ರಾತ್ರಿ ಪುಕ್ಕಟ, ಕನ್ನಡದಾಗ ಮಾತಾಡಬಹುದು, ಮಗೂನೂ ತಾನ ಫೋನ್ ಮಾಡಬಹುದು.

ಕಾಯಿಲೆ ಬಿಟ್ಟು ಹೋದಂಗ ಆಗಿ ಫೆಬ್ರುವರಿ-ಮಾರ್ಚಿನ ಪರೀಕ್ಷೆ ಹೊತ್ತಿಗೆ ಮತ್ತ ತಲಿ ಎತ್ತೂದು ಭಾಳ ಕಡೆ ನೋಡೀನಿ. ಹಂಗಾಗಿ ಮಗು ಆರಾಮಿದ್ದಾಗ, ಆಕಿ ಜೋಡೀನ ಕುಂತು ಒಂದು ಹಾಳಿ ಬರದಿಡ್ರಿ: ನನಗ ಮತ್ತ ಶುರು ಆಗಾಕತ್ತೈತಿ ಅಂದ್ರ ಮೊದಲು ಏನ್ ಕಾಣ್ತೈತಿ, ಆಗ ಯಾರಿಗೆ ಹೇಳ್ತೀನಿ, ಅವ್ವ ಏನ್ ಅನಬೇಕು, ಏನ್ ಅನಬಾರದು. ಆಕಿ ಕೈಬರಹದಾಗ ಇರ್ಲಿ. ಎರಡು ವಾರ ಸತತ ತೂಕ ಇಳದ್ರ ಮೂರನೇ ವಾರಕ್ಕ ಕಾಯದ ಡಾಕ್ಟರಿಗೆ ಫೋನ್ ಹಚ್ಚೂದು ಅಂತ ಅದ ಹಾಳಿ ಕೆಳಗ ನೀವೂ ಬರದು ಸಹಿ ಮಾಡ್ರಿ.